ಒಂದು ಗೇಟು, ಮೂರು ಸರ್ಕಾರ

ಬೇರೆ ಬಡಾವಣೆಗಳಲ್ಲಿ ವರ್ಷಕ್ಕೊಮ್ಮೆ ಗಣಪತಿ ಕೂರಿಸುತ್ತಾರೆ. ನಮ್ಮಲ್ಲಿ ಅದರ ಜೊತೆಗೆ ವರ್ಷಕ್ಕೊಂದು ಅನಾಹುತವೂ ತಪ್ಪದೆ ಬರುತ್ತದೆ. ಅದರ ಬೆನ್ನಿಗೇ ಪಾಲಿಕೆ, ರಾಜ್ಯ, ಕೇಂದ್ರ ಎಂದು ಮೂರೂ ಸರ್ಕಾರಗಳು ಬರುತ್ತವೆ. ಬಂದವರಿಗೆಲ್ಲ ಕಾಫಿ ಕೊಡುವವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಒಂದು ಭಾನುವಾರ ನಿವಾಸಿಗಳ ಸಂಘದ ಸಭೆಯ ಮಧ್ಯೆ ಕುಕ್ಕರ್ ಆರಿಸಿ ಬರೋಣ ಎಂದು ಮನೆಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ, ಅದೂ ಅವಿರೋಧವಾಗಿ.

ನಮ್ಮ ಬಡಾವಣೆ ಇರುವುದು ಜೆ.ಪಿ. ನಗರ ದಾಟಿ, ಕೋಣನಕುಂಟೆಯ ಆಚೆ. ಹಿಂದುಗಡೆ ಸರ್ಕಾರದ ಒಂದು ಕುರುಚಲು ಕಾಡು. ಕಾಡಿಗೂ ನಮಗೂ ನಡುವೆ ಗೌಡರ ಜಮೀನು. ಸುತ್ತಲಿನ ಹೊಲವೆಲ್ಲ ಸೈಟಾಗಿ, ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದರೂ, ಗೌಡರು ಒಂದು ತುಂಡು ಹೊಲ, ಒಂದು ಕೊಟ್ಟಿಗೆ, ಒಂದು ಹುಲ್ಲಿನ ಬಣವೆ, ಒಂದು ಹಸು ಉಳಿಸಿಕೊಂಡಿದ್ದಾರೆ. ಮುಖ್ಯರಸ್ತೆಯಿಂದ ನಮ್ಮಲ್ಲಿಗೆ ನೆಟ್ಟಗಿನ ದಾರಿ ಇರುವುದೂ ಅವರ ಜಮೀನಿನ ಮೇಲೆಯೇ. ಆದರೆ ನಮ್ಮ ರಸ್ತೆಯ ಕೊನೆಯಲ್ಲಿ ಅವರ ಕಬ್ಬಿಣದ ಗೇಟು, ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ.

ಅದಕ್ಕೆ ಕಾರಣ ಇತ್ತು. ಪಾಲಿಕೆಯವರು ರಸ್ತೆಗೆಂದು ಸ್ವಲ್ಪ ಜಾಗ ಕೇಳಿದ್ದರು, ಕೇಂದ್ರದವರು ಗ್ಯಾಸ್ ಕೊಳವೆ ಹಾಕಬೇಕೆಂದಿದ್ದರು, ರಾಜ್ಯದ ಅರಣ್ಯದವರು ಕಾಡಿನಂಚಿನ ಒಂದಿಷ್ಟು ಜಾಗ ತಮ್ಮದೆಂದು ಗಡಿಕಲ್ಲು ನೆಟ್ಟಿದ್ದರು. ಗೌಡರು ಕೋರ್ಟಿಗೆ ಹೋಗಿ ಮೂವರ ಮೇಲೂ ಸ್ಟೇ ತಂದರು. ಗೇಟಿಗೆ ಬೋರ್ಡು ಬರೆಸಿದರು: "ಸರ್ಕಾರದವರಿಗೆ ಪ್ರವೇಶವಿಲ್ಲ."

ನಾನೊಮ್ಮೆ ಹೋಗಿ ಕೇಳಿಯೂ ಕೇಳಿದೆ. "ಗೌಡ್ರೇ, ನಾಳೆ ಬೆಂಕಿ ಗಿಂಕಿ ಬಿದ್ರೆ ಫೈರ್ ಇಂಜಿನ್ ಹೆಂಗ್ ಬರ್ಬೇಕು?"

"ಬೆಂಕಿ ಏನ್ ನನ್ನ ಕೇಳ್ಕಂಡ್ ಬತ್ತದಾ ಟೀಚರಮ್ಮ? ಹಂಗೇ ಇಂಜಿನ್ನೂ ಎಲ್ಲಾದ್ರೂ ದಾರಿ ಹುಡಿಕ್ಕಂಡ್ ಬರ್ಲಿ" ಎಂದರು.

ಯಾವೂರು ನಿಮ್ದು?

ಮೊದಲ ಮಳೆಗೇ ನಮ್ಮ ರಸ್ತೆಯ ಮರವೊಂದು ಕರೆಂಟ್ ವೈರುಗಳ ಮೇಲೆ ಒರಗಿಕೊಂಡಿತು. ಮರ ಕಡಿಯಲು ಪಾಲಿಕೆಯಿಂದ ಒಬ್ಬ ಮೇಸ್ತ್ರಿ ಬಂದರು, ವೈರು ನೋಡಲು ಲೈನ್‌ಮನ್ ಬಂದರು. ಇಬ್ಬರೂ ಗೌಡರ ಗೇಟಿಗೆ ಒಂದು ನಮಸ್ಕಾರ ಹೊಡೆದು ಸುತ್ತಿ ಬಳಸಿ ಬಂದಿದ್ದರಿಂದ ಮೊದಲೇ ಸಿಡುಕಾಗಿದ್ದರು.

"ವೈರ್ ಬಿಚ್ಚಿದ್ರೆ ಮರ ಕಡೀತೀನಿ" ಎಂದರು ಮೇಸ್ತ್ರಿ.

"ವೈರ್ ಮೇಲೆ ಮರ ಕೂತಿದೆ. ಮರ ಎತ್ತಿದ್ರೆ ವೈರ್ ಬಿಚ್ತೀನಿ" ಎಂದರು ಲೈನ್‌ಮನ್.

ಇಬ್ಬರೂ ಹೇಳಿದ್ದು ಸರಿಯೇ. ಅದೇ ತೊಂದರೆ. ನಮ್ಮ ಕಾಂಪೌಂಡ್ ಕಟ್ಟೆಯ ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ಬೆನ್ನು ತಿರುಗಿಸಿಕೊಂಡು ಕೂತು ಕಾಫಿ ಕುಡಿದರು. ನಮ್ಮ ಯಜಮಾನರಿಗೆ ಯಾರು ಸಿಕ್ಕಿದರೂ ಊರು ಕೇಳುವ ಚಾಳಿ. "ಯಾವೂರಾಯ್ತು ತಮ್ದು?" ಎಂದು ಲೈನ್‌ಮನ್ ಅವರನ್ನು ಕೇಳಿದರು.

"ಮಾಗಡಿ ಹತ್ರ ಸಾರ್."

ಆ ತುದಿಯ ಬೆನ್ನು ತಿರುಗಿತು. "ಮಾಗಡಿ ಹತ್ರ ಎಲ್ಲಿ?"

ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಮೇಸ್ತ್ರಿಯ ಸೋದರತ್ತೆಯ ಮಗಳನ್ನು ಲೈನ್‌ಮನ್ ಅವರ ಚಿಕ್ಕಪ್ಪನ ಮನೆಗೇ ಕೊಟ್ಟಿರುವುದು ಹೊರಬಿತ್ತು. "ಹಂಗಾದ್ರೆ ನಾವು ಬೀಗರಾಗ್ಬೇಕಲ್ರೀ!" ಎಂದು ಇಬ್ಬರೂ ಎದ್ದರು. ಆಮೇಲೆ ಒಬ್ಬರು ಏಣಿ ಹಿಡಿದರೆ ಇನ್ನೊಬ್ಬರು ಹತ್ತಿದರು, ಇವರು ಕೊಂಬೆಗೆ ಹಗ್ಗ ಕಟ್ಟಿದರೆ ಅವರು ವೈರು ಸಡಿಲಿಸಿದರು. ದೀಪ ಹಚ್ಚುವ ಹೊತ್ತಿಗೆ ಮನೆಮನೆಗೂ ಕರೆಂಟ್.

ಮರುದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಕೆಲಸ ಬೇಗ ಆಗಬೇಕಾದರೆ ಯಾವ ನಂಬರಿಗೆ ಕಂಪ್ಲೇಂಟ್ ಕೊಡಬೇಕು ಎಂದು ಕೇಳಿದರು. ನಮ್ಮ ಯಜಮಾನರು ಉತ್ತರ ಬರೆದರು: "ಮೊದಲು ಊರು ಕೇಳಿ."

ಅಜ್ಜಿಯ ಮೆರವಣಿಗೆ

ಮರುವರ್ಷ ಹಿಂಗಾರು ಸುರಿದು ನಮ್ಮ ತಗ್ಗಿನ ರಸ್ತೆಯಲ್ಲಿ ಸೊಂಟದವರೆಗೆ ನೀರು ನಿಂತಿತು. ಪಾಲಿಕೆಯವರು ಪಂಪ್ ತಂದರು, ಅಗ್ನಿಶಾಮಕದವರು ಹಗ್ಗ ತಂದರು, ಕೇಂದ್ರದ ವಿಪತ್ತು ದಳದವರು ರಬ್ಬರ್ ದೋಣಿ ತಂದರು. ಗೌಡರ ಗೇಟು ಮುಚ್ಚಿತ್ತಲ್ಲ, ದೋಣಿಯ ಲಾರಿ ನಮ್ಮ ತಿರುವುಗಳಲ್ಲಿ ಸಿಕ್ಕಿಕೊಂಡು, ಕೊನೆಗೆ ಪಾಪ ಆ ಹುಡುಗರು ದೋಣಿಯನ್ನು ತಲೆ ಮೇಲೆ ಹೊತ್ತು ತಂದರು.

ಮೂಲೆ ಮನೆಯ ಅಜ್ಜಿ ಬಸವನಗುಡಿಯಿಂದ ಬಂದವರು, ಮಂಡಿ ನೋವು. ಉಪ್ಪಿನಕಾಯಿ ಜಾಡಿ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದರು. ಅಜ್ಜಿಯನ್ನೂ ಜಾಡಿಯನ್ನೂ ಕೂರಿಸಿಕೊಂಡು ದೋಣಿ ಹೊರಟಿತು. ಅಷ್ಟರಲ್ಲಿ ಪಂಪಿನವರು ಮೈಮುರಿದು ಕೆಲಸ ಮಾಡಿ ನೀರೆಲ್ಲ ಎಳೆದುಬಿಟ್ಟಿದ್ದರು. ರಸ್ತೆಯ ನಟ್ಟನಡುವೆ ದೋಣಿ ಹೋಗಿ ಡಾಂಬರಿನ ಮೇಲೆ ಕೂತಿತು.

"ಪಂಪ್ ಬಂದ್ ಕರೋ! ಬೋಟ್ ನಹೀ ಚಲ್ ರಹೀ!" ಎಂದು ಕೇಂದ್ರದ ಅಧಿಕಾರಿ ಕೂಗಿದರು.

ಪಂಪಿನವನ ಮುಖ ಸಣ್ಣಗಾಯಿತು. ನನ್ನ ಕಡೆ ತಿರುಗಿ, "ನೋಡಿ ಮೇಡಂ, ನೀರು ನಿಂತ್ರೂ ಬೈತಾರೆ, ನೀರು ತೆಗೆದ್ರೂ ಬೈತಾರೆ" ಎಂದ.

ಕಾಲಿಟ್ಟರೆ ಜಾರುವ ಕೆಸರು, ಅಜ್ಜಿ ಇಳಿದು ನಡೆಯುವ ಹಾಗಿಲ್ಲ. ಕೊನೆಗೆ ಮೂರು ಬಣ್ಣದ ಸಮವಸ್ತ್ರದವರೂ ಸೇರಿ ದೋಣಿಯನ್ನು ಅಜ್ಜಿಯ ಸಮೇತ ಹೆಗಲಿಗೇರಿಸಿದರು. ಅಜ್ಜಿ ಜಾಡಿ ತಬ್ಬಿಕೊಂಡು, ಎರಡೂ ಕಡೆಯ ಮಹಡಿಗಳಲ್ಲಿ ನಿಂತವರಿಗೆ ಕೈ ಮುಗಿಯುತ್ತ ಬಂದರು. ನಮ್ಮ ಮನೆ ಮುಂದೆ ಇಳಿಸಿದಾಗ ನನ್ನ ಕೈ ಹಿಡಿದುಕೊಂಡು, "ನನ್ನ ಮದುವೇಲೂ ಯಾರೂ ಹೀಗೆ ಮೆರವಣಿಗೆ ಮಾಡಿರ್ಲಿಲ್ಲ ಕಣೆ. ಹೋಗಿ ಆರತಿ ತಟ್ಟೆ ತಗೊಂಡ್ ಬಾ" ಎಂದರು.

"ನಿಮಗಾ ಅಜ್ಜಿ?"

"ನನಗ್ಯಾಕೆ? ಹೊತ್ತ ಮಕ್ಕಳಿಗೆ. ದೃಷ್ಟಿಯಾಗಿರುತ್ತೆ."

ಸ್ಟೇ ತಂದವರು

ಇಷ್ಟೆಲ್ಲ ಆದ ಮೇಲೆ, ಬೇಸಿಗೆಯಲ್ಲಿ ನಮ್ಮ ಮೈದಾನದಲ್ಲೇ ಒಂದು ಅಣಕು ಕಾರ್ಯಾಚರಣೆ ಇಟ್ಟುಕೊಂಡರು. ಅನಾಹುತ ಆದಾಗ ಮೂರೂ ಸರ್ಕಾರಗಳು ಹೇಗೆ ಒಟ್ಟಾಗಿ ಕೆಲಸ ಮಾಡಬೇಕು ಎಂಬ ಅಭ್ಯಾಸ. ಫೈರ್ ಇಂಜಿನ್ ಬೆಳಿಗ್ಗೆಯೇ ಹರಸಾಹಸ ಮಾಡಿ ಬಂದು ನಿಂತಿತ್ತು. ಪಾಲಿಕೆಯ ನೀರಿನ ಟ್ಯಾಂಕರ್, ಅರಣ್ಯದ ಗಾರ್ಡು ಮತ್ತವರ ಜನ, ಕೇಂದ್ರದ ದಳ, ಎಲ್ಲರೂ ಇದ್ದರು. ನಮ್ಮ ಯಜಮಾನರಿಗೆ ಕಾಲು ಮುರಿದವರ ಪಾತ್ರ. ಕಾಲಿಗೆ ಪಟ್ಟಿ ಸುತ್ತಿ ಸ್ಟ್ರೆಚರ್ ಮೇಲೆ ಮಲಗಿಸಿದ್ದರು.

ಗೌಡರು ಬೇಲಿ ಹಾರಿ ಬಂದು ತಮಾಷೆ ನೋಡುತ್ತಿದ್ದರು. ಅವರ ಹೆಂಡತಿ ಗೇಟಿಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿದ್ದಾಪುರದ ಮಗಳ ಮನೆಗೆ ಹೋಗಿದ್ದರು.

"ಇಲ್ದೇ ಇರೋ ಬೆಂಕಿ ಆರ್ಸಕ್ಕೆ ಇಷ್ಟು ಜನವಾ?" ಎಂದು ಗೌಡರು ನಕ್ಕರು. ನಗುತ್ತಿದ್ದಂತೆಯೇ ಅವರ ಬೆನ್ನ ಹಿಂದೆ ಹೊಗೆ ಎದ್ದಿತು.

ಕಾಡಿನ ಒಣಹುಲ್ಲಿಗೆ ಬೆಂಕಿ ಹತ್ತಿ, ಗಾಳಿಗೆ ಗೌಡರ ಬಣವೆಯ ಕಡೆ ಹೊರಳಿತ್ತು. ಬಣವೆಯ ಪಕ್ಕದಲ್ಲೇ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ತುಂಬು ಗಬ್ಬದ ಹಸು.

ಎಲ್ಲರೂ ಗೇಟಿಗೆ ಓಡಿದೆವು. ಕಾಲು ಮುರಿದ ನಮ್ಮ ಯಜಮಾನರು ಎಲ್ಲರಿಗಿಂತ ಮುಂದಿದ್ದರು. ಅಗ್ನಿಶಾಮಕದವರು ಆಗಲೇ ಪೈಪು ಬಿಚ್ಚುತ್ತಿದ್ದರು. ಪಾಲಿಕೆಯ ಇಂಜಿನಿಯರ್ ಮಾತ್ರ ಬೋರ್ಡು ನೋಡಿ ಅಭ್ಯಾಸಬಲದಿಂದ ನಿಂತುಬಿಟ್ಟರು.

"ಗೌಡ್ರೇ, ಸ್ಟೇ ಇದೆಯಲ್ಲ?"

"ಅಯ್ಯೋ, ಸ್ಟೇ ತಂದೋನು ನಾನೇ ಕಣಯ್ಯ! ನಾನೇ ಹೇಳ್ತಾ ಇವ್ನಿ, ಬನ್ನಿ!"

"ಮೂರೂ ಜನಕ್ಕೂ ಹೇಳ್ತಿದೀರಾ?"

"ಇನ್ನೂ ಯಾವ್ದಾದ್ರೂ ಸರ್ಕಾರ ಇದ್ರೆ ಅದ್ಕೂ ಹೇಳ್ತೀನಿ, ಬನ್ನೀ!" ಎನ್ನುತ್ತ ಗೌಡರು ಇಂಜಿನ್ನಿನಿಂದ ಹಾರೆ ಕಿತ್ತುಕೊಂಡು ತಮ್ಮ ಬೀಗವನ್ನು ತಾವೇ ಒಡೆದರು.

ಒಳಗೆ ಅರಣ್ಯದ ಗಾರ್ಡು ಗಡಿಕಲ್ಲಿನ ಆಚೆಯ ಬೆಂಕಿ ಬಡಿಯಲು ಹೊರಟರೆ, ಗೌಡರು ಕಲ್ಲಿನ ಈಚೆ ನಿಂತು ಅರಚಿದರು: "ಆಚೆಗೂ ನಿಮ್ದೇ, ಈಚೆಗೂ ನಿಮ್ದೇ ಕಣಪ್ಪಾ! ಎಲ್ಲಾ ನಿಮ್ದೇ! ಮೊದ್ಲು ಇಲ್ಲಿ ಬಡೀರಿ!"

ಅರಣ್ಯದವರು ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿದರು. ಪಾಲಿಕೆಯ ಟ್ಯಾಂಕರಿನಿಂದ ಇಂಜಿನ್ನಿಗೆ ನೀರು, ಇಂಜಿನ್ನಿನಿಂದ ಬಣವೆಗೆ ನೀರು. ಕೊಟ್ಟಿಗೆಯಲ್ಲಿ ಹಸು ಹೆದರಿ ಮಲಗಿದ್ದು ಏಳಲೇ ಇಲ್ಲ. ಕೇಂದ್ರದ ಹುಡುಗರು ಹಿಂದಿನಿಂದ ಹಿಂದಿಯಲ್ಲಿ ನೂಕಿದರು, ಗೌಡರು ಮುಂದಿನಿಂದ ಕನ್ನಡದಲ್ಲಿ ಎಳೆದರು. ಕೊನೆಗೆ ಎದ್ದು ಹೊರಗೆ ಬಂತು. ಆಡಿಕೊಳ್ಳುವುದರಲ್ಲಿ ನಾನು ಯಾವ ಇಲಾಖೆಯನ್ನೂ ಬಿಟ್ಟವಳಲ್ಲ. ಅವತ್ತು ಮಸಿ ಮೆತ್ತಿಕೊಂಡು ಕೆಮ್ಮುತ್ತ ನಿಂತ ಆ ಮುಖಗಳನ್ನು ನೋಡಿ ಆಡಿಕೊಳ್ಳುವುದು ಮರೆತು, ಎಲ್ಲರಿಗೂ ಮುಖ ತೊಳೆಯಲು ನೀರು ಹೊಯ್ದೆ.

ಬಣವೆ ಅರ್ಧ ಹೋಯಿತು, ಕೊಟ್ಟಿಗೆ ಉಳಿಯಿತು. ಗೌಡರು ಕೊಡಪಾನದಲ್ಲಿ ಮಜ್ಜಿಗೆ ತಂದು ಒಬ್ಬೊಬ್ಬರಿಗೂ ಕೈಯಾರೆ ಕೊಟ್ಟರು. ಗಾರ್ಡು ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಗೌಡ್ರೇ, ಆಗ್ಲೇ ಕಲ್ಲಿಂದ ಈಚೆಗೂ ನಿಮ್ದೇ ಅಂದ್ರಲ್ಲ, ನಮ್ ಸಾಹೇಬ್ರು ಬಂದಾಗ ಇನ್ನೊಂದ್ಸಲ ಹೇಳ್ತೀರಾ?"

"ಬೆಂಕಿ ಇರೋಗಂಟ ನಿಮ್ದೇ ಆಗಿತ್ತು ಕಣಪ್ಪ" ಎಂದರು ಗೌಡರು. "ಈಗ ಆರೋಯ್ತಲ್ಲ!"

ಗಿಣ್ಣು

ವಾರದೊಳಗೆ ಹಸು ಕರು ಹಾಕಿತು. ಹೆಣ್ಣುಗರು. ಗೌಡರ ಹೆಂಡತಿ ಗಿಣ್ಣು ಮಾಡಿ ಪಾಲಿಕೆಯ ಕಚೇರಿಗೊಂದು ಡಬ್ಬಿ, ಫೈರ್ ಸ್ಟೇಷನ್ನಿಗೊಂದು ಡಬ್ಬಿ ಕಳಿಸಿದರು. ಕೇಂದ್ರದವರು ದೂರ ಹೊರಟುಹೋಗಿದ್ದರಿಂದ ಅವರ ಪಾಲು ನಮ್ಮ ಮನೆಗೆ ಬಂತು. ನಾವು ಅದನ್ನು ದೇಶಸೇವೆ ಎಂದುಕೊಂಡು ತಿಂದೆವು.

ಗೇಟಿಗೆ ಮತ್ತೆ ಬೀಗ ಬೀಳಲಿಲ್ಲ. ಬೋರ್ಡು ಮಾತ್ರ ಹಾಗೇ ಇದೆ. "ಸರ್ಕಾರದವರಿಗೆ ಪ್ರವೇಶವಿಲ್ಲ" ಎಂಬುದರ ಕೆಳಗೆ ಗೌಡರು ಹೊಸದಾಗಿ ಒಂದು ಸಾಲು ಬರೆಸಿದ್ದಾರೆ: "ತಳ್ಳಿದರೆ ತೆರೆಯುತ್ತದೆ."

ಗಾರ್ಡ್ ಅವರ ಪಾಲನ್ನು ಗೌಡರು ಯಾರ ಕೈಯಲ್ಲೂ ಕಳಿಸಲಿಲ್ಲ. ಮನೆಗೇ ಕರೆಸಿ, ಜಗಲಿ ಮೇಲೆ ಕೂರಿಸಿ, ತಟ್ಟೆ ತುಂಬ ಬಡಿಸಿದರು. ಕರು ನೋಡಲು ನಾನೂ ಹೋಗಿದ್ದೆ. ಗಾರ್ಡು ತುಂಬ ನಿಯತ್ತಿನ ಮನುಷ್ಯ. ತಿಂದು ಮುಗಿಸಿ, ಕೈ ತೊಳೆದು, ಸಂಕೋಚದಿಂದಲೇ ಹೇಳಿದರು: "ಗೌಡ್ರೇ, ತಪ್ಪು ತಿಳ್ಕೋಬೇಡಿ. ಗಿಣ್ಣು ತಿಂದೆ ಅಂತ ನಮ್ ಇಲಾಖೆ ಕೇಸ್ ಬಿಡಲ್ಲ."

ಗೌಡರು ಗಾಬರಿಯಾಗಿ ಎರಡೂ ಕೈ ಮುಗಿದರು.

"ದಮ್ಮಯ್ಯ, ಬಿಡ್‌ಬ್ಯಾಡಿ ಕಣಪ್ಪ! ಕೇಸು ಮುಗಿದೋದ್ರೆ ನೀವು ಈ ಕಡೆ ಬರೋದೇ ನಿಂತೋಯ್ತದೆ!"