ಎಂಟು ಮೈಲಿಯೊಳಗಿನ ಮಿಂಚು

ನಮ್ಮ ಮಧ್ಯ ಬಯಲು ಕಾಲೇಜುಗಳ ಒಕ್ಕೂಟ ನಡೆಸುವ ಬೇಸ್‌ಬಾಲ್ ಚಾಂಪಿಯನ್‌ಶಿಪ್ಪಿನಲ್ಲಿ, ಒಕ್ಕೂಟ ಸ್ಥಾಪನೆಯಾದ ದಿನದಿಂದ ಇಂದಿನವರೆಗೆ, ಒಬ್ಬನೇ ಒಬ್ಬ ಆಟಗಾರನೂ ಸಿಡಿಲು ಬಡಿದು ಸತ್ತಿಲ್ಲ. ಇದು ತಾನಾಗಿ ಆದದ್ದಲ್ಲ. ಇದರ ಹಿಂದೆ ಹದಿನಾಲ್ಕು ಪುಟಗಳ ನಿಯಮಾವಳಿಯಿದೆ, ಒಬ್ಬ ಸುರಕ್ಷತಾಧಿಕಾರಿಯಿದ್ದಾರೆ, ಅವರ ಕೈಯಲ್ಲಿ ಮಿಂಚು ಎಲ್ಲಿ ಹೊಡೆಯಿತೆಂದು ತೋರಿಸುವ ಫೋನೊಂದಿದೆ. ಅವರು ಕೊಟ್ಟ ಚೀಟಿಯನ್ನು ಮೈಕಿನಲ್ಲಿ ಓದಲು ನಾನಿದ್ದೇನೆ. ಇಪ್ಪತ್ತೆರಡು ವರ್ಷಗಳಿಂದ ಈ ಕ್ರೀಡಾಂಗಣದ ಉದ್ಘೋಷಕ ನಾನೇ. ಆದ್ದರಿಂದ ಈ ವರ್ಷದ ಫೈನಲ್ ಬಗ್ಗೆ ಕಾನ್ಸಾಸಿನ ತುಂಬ ಹಬ್ಬಿರುವ ಗಾಳಿಮಾತಿಗೆ ತೆರೆ ಎಳೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಫೈನಲಿಗೆ ಬಂದಿದ್ದ ಒಂದು ತಂಡ ಸ್ಟ್ರಿಕ್‌ಲಂಡ್ ವಿಶ್ವವಿದ್ಯಾಲಯದ್ದು. ಶ್ರೇಯಾಂಕದಲ್ಲಿ ಮೊದಲು, ಕ್ರೀಡಾಂಗಣವೂ ಅವರದೇ, ನನ್ನ ಸಂಬಳವೂ ಅವರದೇ. ಇನ್ನೊಂದು, ಎಂಟನೆಯ, ಅಂದರೆ ಕೊನೆಯ ಸ್ಥಾನದ ಮಸ್ಕೆಟ್ ಕ್ರೀಕ್ ಕಾಲೇಜು. ಗೆದ್ದು ರಾಷ್ಟ್ರೀಯ ಪಂದ್ಯಾವಳಿಗೆ ಹೋದರೆ ಸರಿ, ಇಲ್ಲದಿದ್ದರೆ ಬೇಸ್‌ಬಾಲ್ ತಂಡವನ್ನೇ ಮುಚ್ಚಿ ಮೈದಾನಕ್ಕೆ ಡಾಂಬರು ಹಾಕಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆ ಎಂದು ಆ ಕಾಲೇಜಿನ ಆಡಳಿತ ಮಂಡಳಿ ಹುಡುಗರು ಬಸ್ ಹತ್ತುವಾಗಲೇ ತಿಳಿಸಿತ್ತು. ಹುರಿದುಂಬಿಸುವ ರೀತಿ ಒಬ್ಬೊಬ್ಬರದು ಒಂದೊಂದು.

ಭಾನುವಾರ ಮಧ್ಯಾಹ್ನ ಎರಡೂವರೆ. ಆಟದ ಒಂಬತ್ತನೆಯ, ಅಂದರೆ ಕೊನೆಯ ಸರದಿ. ಮಸ್ಕೆಟ್ ಕ್ರೀಕ್ ಮೂರು, ಸ್ಟ್ರಿಕ್‌ಲಂಡ್ ಎರಡು. ಸ್ಟ್ರಿಕ್‌ಲಂಡಿನ ಇಬ್ಬರು ಔಟಾಗಿದ್ದರು, ಬ್ಯಾಟು ಹಿಡಿದಿದ್ದ ಮೂರನೆಯವನು ಆಗಲೇ ಎರಡು ಸಲ ಗಾಳಿಗೆ ಬೀಸಿದ್ದ. ಇನ್ನೊಂದು ಸಲ ಬೀಸಿ ತಪ್ಪಿದರೆ ಎಲ್ಲ ಮುಗಿಯಿತು. ಚೆಂಡು ಎಸೆಯುತ್ತಿದ್ದವನು ಟೋಬಿನ್ ರಸ್ಕ್ ಎಂಬ ಕೊನೆಯ ವರ್ಷದ ಹುಡುಗ. ಅವನ ಅಜ್ಜಿ ಮೂರನೆಯ ಸಾಲಿನಲ್ಲಿ ಎದ್ದು ನಿಂತು ಎರಡೂ ಕೈಯಲ್ಲಿ ಟೋಪಿ ಹಿಚುಕುತ್ತಿದ್ದರು. ಆಕಾಶದಲ್ಲಿ ಬೊಗಸೆಯಷ್ಟು ಮೋಡವೂ ಇರಲಿಲ್ಲ. ಟೋಬಿನ್ ಕೈ ಎತ್ತಿದ. ಅಷ್ಟರಲ್ಲಿ ಸುರಕ್ಷತಾಧಿಕಾರಿ ಗ್ರೋವರ್ ಸ್ಟ್ಯಾಡ್ಲರ್ ಏದುಸಿರು ಬಿಡುತ್ತ ನನ್ನ ಕೋಣೆಗೆ ಬಂದು ಚೀಟಿ ಇಟ್ಟರು. ನಾನು ಓದಿದೆ.

“ಗಮನಿಸಿ. ಎಂಟು ಮೈಲಿಯೊಳಗೆ ಮಿಂಚು ದಾಖಲಾಗಿದೆ. ಆಟವನ್ನು ಮೂವತ್ತು ನಿಮಿಷ ನಿಲ್ಲಿಸಲಾಗಿದೆ. ಈ ಅವಧಿಯಲ್ಲಿ ಮತ್ತೆ ಮಿಂಚಿದರೆ ಮೂವತ್ತು ನಿಮಿಷವನ್ನು ಮೊದಲಿನಿಂದ ಎಣಿಸಲಾಗುವುದು. ಆಟಗಾರರು ತಮ್ಮ ತಮ್ಮ ಬಸ್ಸುಗಳಿಗೆ ತೆರಳಬೇಕು. ನಿಮ್ಮ ಜೀವ ನಮಗೆ ಅಮೂಲ್ಯ.”

ಮಸ್ಕೆಟ್ ಕ್ರೀಕ್‌ನ ಕೋಚ್ ಡ್ವೈಟ್ ಹಫೇಕರ್ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

“ಎಲ್ಲಯ್ಯಾ ಗ್ರೋವರ್ ಮಿಂಚು? ಬಿಸ್ಲಿಗೆ ನನ್ನ ಬೋಳುತಲೆ ಸುಲೀತಿದೆ!”

“ಜೋಳದ ಹೊಲದ ಹತ್ರ ಕೋಚ್.”

“ಯಾವ ಜೋಳದ ಹೊಲ?”

“ವಿಶ್ವವಿದ್ಯಾಲಯದ್ದು. ಸಂಶೋಧನೆಗೆ ಅಂತ ಇಟ್ಕೊಂಡಿರೋದು. ಇಲ್ಲಿಂದ ನೂರಾಮೂವತ್ತು ಮೈಲಿ ಆಗುತ್ತೆ. ಅದರ ಬೇಲಿಯಿಂದ ಲೆಕ್ಕ ಹಾಕಿದ್ರೆ ಏಳೂವರೆ ಮೈಲಿ.”

“ಆಡ್ತಿರೋದು ಇಲ್ಲಿ ಕಣಯ್ಯಾ! ಜೋಳ ಏನು ಚೆಂಡು ಹಿಡಿಯುತ್ತಾ?”

ಗ್ರೋವರ್ ಸಿಟ್ಟಾಗಲಿಲ್ಲ. ನಿಯಮಾವಳಿಯ ಒಂಬತ್ತನೆಯ ಪುಟ ತೆಗೆದು ತೋರಿಸಿದರು. ಆತಿಥೇಯ ಸಂಸ್ಥೆಯ ಒಡೆತನದ ಯಾವುದೇ ಆಸ್ತಿಯ ಹೊರಗಡಿಯಿಂದ ದೂರ ಅಳೆಯತಕ್ಕದ್ದು ಎಂದು ಅಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು. ಶಾಯಿ ಸ್ವಲ್ಪ ಹಸಿಯಾಗಿತ್ತು, ಅಷ್ಟೆ. ಆಟದ ಆರಂಭದಲ್ಲಿ ಸ್ಟ್ರಿಕ್‌ಲಂಡ್ ಎರಡು ಅಂಕ ಮುಂದಿದ್ದಾಗಲೂ ಅದೇ ಹೊಲದ ಮೇಲೆ ಹದಿನೇಳು ಸಲ ಮಿಂಚಿತ್ತಲ್ಲ, ಆಗೇಕೆ ನಿಲ್ಲಿಸಲಿಲ್ಲ ಎಂದು ಕೆಲವರು ಈಗ ಕೇಳುತ್ತಿದ್ದಾರೆ. ಆಗ ಗ್ರೋವರ್ ಅವರ ಫೋನು ಚಾರ್ಜಿಗಿತ್ತು.

ಆಟಗಾರರು ಬಸ್ಸಿನಲ್ಲಿ ಕೂತರು. ಪ್ರೇಕ್ಷಕರು ಕಬ್ಬಿಣದ ಮೆಟ್ಟಿಲುಗಳ ಮೇಲೆಯೇ ಕೂತರು. ನಿಯಮ ಅವರಿಗೆ ಅನ್ವಯಿಸುವುದಿಲ್ಲ.

“ಹುಡುಗ್ರಿಗೆ ಬಡಿಯೋ ಸಿಡ್ಲು ಮುದುಕೀರಿಗೆ ಬಡಿಯಲ್ವೇನ್ರೀ?” ಎಂದು ಟೋಬಿನ್‌ನ ಅಜ್ಜಿ ಕೆಳಗಿನಿಂದ ಕೂಗಿದರು.

“ಟಿಕೆಟ್ ಹಿಂದ್ಗಡೆ ಓದ್ಕೊಳ್ಳಿ ಅಮ್ಮಾ,” ಎಂದರು ಗ್ರೋವರ್. “ನೀವು ಸತ್ರೆ ನಿಮ್ಮದೇ ಜವಾಬ್ದಾರಿ ಅಂತ ಹಾಕಿದೀವಿ.”

ಎರಡು ಐವತ್ತರ ಹೊತ್ತಿಗೆ ಜೋಳದ ಹೊಲದ ಮೇಲಿನ ಮೋಡ ಕರಗಿತು. ಕಾನ್ಸಾಸಿನ ಮೋಡವನ್ನು ನೆಚ್ಚಬಾರದು. ಇನ್ನು ಹತ್ತು ನಿಮಿಷಕ್ಕೆ ಆಟ ಶುರುವಾಗಬೇಕು, ಟೋಬಿನ್ ಬಸ್ಸಿನಿಂದ ಒಂದು ಕಾಲು ಕೆಳಗಿಟ್ಟಿದ್ದ. ಆಗ ಒಕ್ಕೂಟದ ಆಯುಕ್ತೆ ಲೋರ್ನಾ ಪೆಟ್ಟಿಗ್ರೂ ಮೇಡಂ ನಗುನಗುತ್ತ ಒಳಗೆ ಬಂದು ಶುಭ ಸಮಾಚಾರ ಹೇಳಿದರು. ಸ್ಟ್ರಿಕ್‌ಲಂಡಿನ ಹಳೆಯ ವಿದ್ಯಾರ್ಥಿಯೊಬ್ಬರು ಫ್ಲಾರಿಡಾದ ಕಡಲ ದಂಡೆಯಲ್ಲಿರುವ ತಮ್ಮ ಮನೆಯನ್ನು ಇದೀಗ, ಎರಡು ಐವತ್ತೈದಕ್ಕೆ, ಫೋನಿನಲ್ಲೇ ಸಹಿ ಮಾಡಿ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟಿದ್ದರು. ಈ ತಿಂಗಳುಗಳಲ್ಲಿ ಫ್ಲಾರಿಡಾದಲ್ಲಿ ಮಧ್ಯಾಹ್ನವಾದ ಮೇಲೆ ಗುಡುಗದ ದಿನವೇ ಇಲ್ಲ. ಅದು ಕೊಟ್ಟವರ ತಪ್ಪಲ್ಲ, ತೆಗೆದುಕೊಂಡವರ ತಪ್ಪೂ ಅಲ್ಲ.

ಮೂರಕ್ಕೆ ಎರಡು ನಿಮಿಷ ಇರುವಾಗ ಅಲ್ಲಿ ಮಿಂಚಿತು. ನಾನು ಓದಿದೆ. ಮೂರೂ ಹತ್ತಕ್ಕೆ ಮತ್ತೆ ಮಿಂಚಿತು, ಮತ್ತೆ ಓದಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನನ್ನದು ಕಟ್ಟುವ ಕೆಲಸ. ಪ್ರೇಕ್ಷಕರು ಮುಖಕ್ಕೆ ಬಿಸಿಲಿನ ಕ್ರೀಮು ಬಳಿದುಕೊಳ್ಳುತ್ತ ಸಿಡಿಲು ದೂರವಾಗುವುದನ್ನು ಕಾದರು. ನಾಲ್ಕೂವರೆಯ ಹೊತ್ತಿಗೆ ಹದಿನೆಂಟು ಸಲ ಓದಿ ಆಗಿತ್ತು. ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ನೀರು ಕುಡಿದ ಮೇಲೆ ಕಡಿಮೆಯಾಯಿತು.

ಸಂಜೆ ಐದಕ್ಕೆ ಸರಿಯಾಗಿ ಕೊನೆಯ ಚೀಟಿ ಬಂತು. “ಭಾನುವಾರ ಐದು ಗಂಟೆಯೊಳಗೆ ಪೂರ್ಣಗೊಳ್ಳದ ಫೈನಲನ್ನು ಆಡಿಲ್ಲವೆಂದು ಪರಿಗಣಿಸಿ, ಶ್ರೇಯಾಂಕದಲ್ಲಿ ಮೊದಲಿರುವ ತಂಡವನ್ನು ಚಾಂಪಿಯನ್ ಎಂದು ಘೋಷಿಸಲಾಗಿದೆ. ಸ್ಟ್ರಿಕ್‌ಲಂಡ್ ವಿಶ್ವವಿದ್ಯಾಲಯಕ್ಕೆ ಅಭಿನಂದನೆಗಳು.”

ಮೈದಾನದ ನಟ್ಟನಡುವೆ ಉಕ್ಕಿನ ವೇದಿಕೆ ಎದ್ದಿತು. ಸ್ಟ್ರಿಕ್‌ಲಂಡಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು.

“ಈಗ ಇವ್ರಿಗೆ ಸಿಡ್ಲು ಬಡಿಯಲ್ವಾ ಮೇಡಂ?” ಎಂದು ಕೋಚ್ ಹಫೇಕರ್ ಕೇಳಿದರು.

“ಇದು ಆಟ ಅಲ್ವಲ್ಲ ಕೋಚ್, ಸಮಾರಂಭ,” ಎಂದರು ಆಯುಕ್ತೆ. “ನಿಮ್ಮ ಹುಡುಗ್ರು ಮಾತ್ರ ಬಸ್ಸಲ್ಲೇ ಇರ್ಲಿ. ಫ್ಲಾರಿಡಾದಲ್ಲಿ ಇನ್ನೂ ಜೋರಾಗಿದೆ. ಪಾಪ, ಏನಾದ್ರೂ ಆದ್ರೆ?”

ಆಮೇಲೆ ಅವರು ಒಂದು ಕಟ್ಟು ಕಾಗದ ನನ್ನ ಕೈಗಿತ್ತು ಮಸ್ಕೆಟ್ ಕ್ರೀಕ್ ಬಸ್ಸಿಗೆ ಕಳಿಸಿದರು. ಸುರಕ್ಷತಾ ಕೃತಜ್ಞತಾ ಪತ್ರ. ಒಕ್ಕೂಟವು ನನ್ನ ಜೀವ ಉಳಿಸಿದ್ದಕ್ಕಾಗಿ ಋಣಿಯಾಗಿದ್ದೇನೆ, ಈ ಕುರಿತು ಎಂದೂ ಯಾವ ತಕರಾರೂ ಮಾಡುವುದಿಲ್ಲ ಎಂದು ಅದರಲ್ಲಿತ್ತು. ಬಸ್ಸಿನಲ್ಲಿ ಇಪ್ಪತ್ತೇಳು ಹುಡುಗರು ಕೂತಿದ್ದರು. ಟೋಬಿನ್ ಮುಂದಿನ ಸೀಟಿನಲ್ಲಿದ್ದ. ಬಿಸಿ ಆರಬಾರದೆಂದು ಚೆಂಡೆಸೆಯುವ ಬಲಗೈಯನ್ನು ಭುಜದಿಂದ ಬೆರಳಿನವರೆಗೆ ಟವೆಲಿನಲ್ಲಿ ಸುತ್ತಿಕೊಂಡಿದ್ದ.

“ಒಂದೇ ಒಂದು ಚೆಂಡು ಬಾಕಿ ಇತ್ತು ಸರ್.”

“ಗೊತ್ತಪ್ಪಾ.”

“ನೀವು ಅಷ್ಟೆತ್ತರದಲ್ಲಿ ಕೂತಿದ್ರಲ್ಲ. ನಿಮಗೇನಾದ್ರೂ ಮಿಂಚು ಕಾಣಿಸ್ತಾ?”

“ನಾನು ಓದೋನಪ್ಪಾ. ನೋಡೋನಲ್ಲ.”

ಅವನು ಕಾಗದವನ್ನು ಎರಡು ಸಲ ಓದಿದ. “ಸಹಿ ಹಾಕ್ದಿದ್ರೆ?”

“ಬಸ್ ಬಿಡಲ್ಲ.”

ಟೋಬಿನ್ ಟವೆಲು ಬಿಚ್ಚಿದ. ನನ್ನ ಪೆನ್ನು ಈಸಿಕೊಂಡು, ತೊಡೆಯ ಮೇಲೆ ಕಾಗದವಿಟ್ಟು, ಆ ಕೈಯಲ್ಲೇ ಸಹಿ ಹಾಕಿದ. ಪೆನ್ನು ಹಿಂದಿನ ಸೀಟಿಗೆ ಹೋಯಿತು, ಅಲ್ಲಿಂದ ಅದರ ಹಿಂದಿನದಕ್ಕೆ. ಇಪ್ಪತ್ತೇಳೂ ಕಾಗದ ವಾಪಸು ಬಂದ ಮೇಲೆ ಕೋಚ್ ಹಫೇಕರ್ ಎದ್ದು ನಿಂತರು.

“ಸಾಹೇಬ್ರು ಇಷ್ಟು ದೂರ ನಡ್ಕೊಂಡ್ ಬಂದಿದ್ದಾರೆ,” ಎಂದರು. “ಥ್ಯಾಂಕ್ಸ್ ಹೇಳ್ರೋ.”

ಹುಡುಗರೆಲ್ಲ ಒಟ್ಟಿಗೆ ಥ್ಯಾಂಕ್ಸ್ ಹೇಳಿದರು. ನಾನು ಪರವಾಗಿಲ್ಲ ಎಂದೆ.