ಹುಂಜದ ವಯಸ್ಸು, ನನ್ನ ವಯಸ್ಸು

ವಯಸ್ಸು ಮುಚ್ಚಿಡುವುದು ಹೆಂಗಸರ ಚಾಳಿ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತೇನೆ. ವಯಸ್ಸಿನಲ್ಲಿ ನಾಲ್ಕು ವರ್ಷ ಮುಚ್ಚಿಟ್ಟುಕೊಂಡ ಗಂಡಸು ನಾನು. ದನ ಕಾಯುವುದನ್ನು ಬಿಟ್ಟು ಒಂದನೇ ಇಯತ್ತೆಗೆ ಹೋಗುವಾಗ ನನಗೆ ಹತ್ತು ತುಂಬಿತ್ತು. ಮಾಸ್ತರರು ಮೇಲಿಂದ ಕೆಳಗೆ ನೋಡಿ, "ಗಿಡ್ಡ ಇದ್ದೀ, ನಡೀತದೆ" ಎಂದು ರಿಜಿಸ್ಟರಿನಲ್ಲಿ ಆರು ಎಂದು ಬರೆದರು. ಗಿಡ್ಡನಾಗಿ ನನಗಾದ ಲಾಭ ಅದೊಂದೇ. ಮುಂದೆ ಹೊನ್ನಾವರದ ಒಂದು ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆದಾಗ ಆ ನಾಲ್ಕು ವರ್ಷಗಳೂ ನನ್ನ ಜೊತೆಗೇ ನೌಕರಿಗೆ ಸೇರಿದವು.

ಕಾಗದದ ಮೇಲೆ ನನಗೆ ಐವತ್ತೊಂಬತ್ತು ನಡೆಯುತ್ತಿದ್ದಾಗ, ಇನ್ನೊಂದು ವರ್ಷ ದಾಟಿ ನಿವೃತ್ತಿಯಾದರೆ ಗೆದ್ದೆ ಎನ್ನುವಾಗ, ಸಂಶೋಧನೆಗೆಂದು ಒಬ್ಬ ಮೇಡಂ ಬಂದರು. ಕೋಳಿ, ಆಡುಗಳ ರಕ್ತ ತೆಗೆಯುವುದು ಅವರ ಕೆಲಸ. ಕೋಳಿ ಹಿಡಿದು ವಯಸ್ಸು ಬರೆಯುವುದು ನನ್ನದು. "ನೈಲಾನ್ ಹಗ್ಗದ ತುದಿ ಬಿಚ್ಚದ ಹಾಗೆ ಬೆಂಕಿಗೆ ಹಿಡಿದು ಅಂಟಿಸ್ತೀರಲ್ಲ, ಜೀವಕೋಶದೊಳಗಿನ ದಾರಕ್ಕೂ ಅಂಥ ತುದಿ ಇದೆ. ಟೆಲೊಮಿಯರ್ ಅಂತ. ವಯಸ್ಸಾದ ಹಾಗೆ ಸವೆಯುತ್ತೆ" ಎಂದರು. ಮಾಸ್ತರರು ರಿಜಿಸ್ಟರನ್ನು ತಿದ್ದಿದ್ದರೇ ಹೊರತು ರಕ್ತವನ್ನು ತಿದ್ದಿರಲಿಲ್ಲ. "ಹಾಗಾರೆ ಒಂದು ಹನಿ ನೋಡಿ ವಯಸ್ಸು ಹೇಳುಕಾಗ್ತದ್ಯಾ?" ಎಂದೆ.

"ಅಷ್ಟು ಸುಲಭ ಇಲ್ಲ ಗಣಪಣ್ಣ. ಒಂದೇ ಪ್ರಾಣಿಯ ರಕ್ತದಲ್ಲಿ ಒಂದೊಂದು ಬಗೆಯ ಕೋಶಕ್ಕೆ ಒಂದೊಂದು ಉದ್ದ. ಕೋಳಿಯ ಕೆಂಪು ಕಣದಲ್ಲಿ ಆ ದಾರ ಇದೆ, ಆಡಿನ ಕೆಂಪು ಕಣದಲ್ಲಿ ಇಲ್ಲವೇ ಇಲ್ಲ. ಬಿಳಿ ಕಣವನ್ನೇ ನೋಡಬೇಕು. ಬಿಳಿಯದರಲ್ಲೂ ಒಂದು ಜಾತಿ ಉದ್ದ, ಒಂದು ಜಾತಿ ಗಿಡ್ಡ."

ನನ್ನ ರಕ್ತದೊಳಗೇ ನನ್ನ ವಯಸ್ಸಿನ ಬಗ್ಗೆ ಒಮ್ಮತವಿಲ್ಲ ಎಂದು ತಿಳಿದು ಆವತ್ತು ಎರಡು ತುತ್ತು ಹೆಚ್ಚೇ ಉಂಡೆ.

ಧೈರ್ಯ ಬಂದಮೇಲೆ ನನ್ನ ಪ್ರಾಮಾಣಿಕತೆಗೆ ಮಿತಿಯೇ ಉಳಿಯಲಿಲ್ಲ. ಮೇಡಂ ಜೊತೆ ನನ್ನ ಹುಟ್ಟೂರು ಹಳದೀಪುರಕ್ಕೆ ಹೋದಾಗ ಕೋಳಿ ಸಾಕುವ ಮಾದೇವಿಯ ಹುಂಜವನ್ನು ಹಿಡಿದು ವಯಸ್ಸು ಕೇಳಿದೆ. ಒಂದು ವರ್ಷ ಎಂದಳು. ಅದರ ಕಾಲಿನ ಮುಳ್ಳು ನನ್ನ ಹೆಬ್ಬೆರಳಿನಷ್ಟಿತ್ತು, ಐದು ವರ್ಷವಾಗದೆ ಅಷ್ಟು ಬೆಳೆಯುವುದಿಲ್ಲ.

"ಖರೇ ಹೇಳು ಮಾದೇವಿ. ವಿಜ್ಞಾನದ ಕೆಲಸ ಇದು."

"ಎಂತಕ್ಕೆ ಅದ್ರ ವಯಸ್ಸು? ಮದ್ವೆ ಮಾಡುಕಾ? ನಾಳೆ ಭಟ್ಕಳದ ಮದಿಮನೆಯವ್ರು ತಕಂಡು ಹೋಗ್ತ್ರು. ಎಳೇದು ಅಂತ ಹೇಳಿ ಆಗಿದೆ. ನೀವು ಬೇರೆ ಎಂತದೂ ಬರೀಬೇಡಿ."

"ಸುಳ್ಳು ವಯಸ್ಸು ಬರೆಸೂದು ತಪ್ಪು" ಎಂದೆ, ಸ್ವಲ್ಪ ದೊಡ್ಡ ದನಿಯಲ್ಲೇ.

ಮಾದೇವಿ ಸೊಂಟಕ್ಕೆ ಕೈಯಿಟ್ಟಳು. ಅಂಗಳದ ಆಚೆ ಆಡಿನ ಜೊತೆ ಹೆಣಗುತ್ತಿದ್ದ ಮೇಡಂ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಗಣಪಣ್ಣ, ನಮ್ಮಣ್ಣನ ಸಂಗ್ತಿಗೆ ಗೋಲಿ ಆಡ್ದವ್ರು ನೀವು. ಅಂವ ರಿಟೈರ್ ಆಗಿ ಮೂರು ವರ್ಷ ಆತು. ನಿಮ್ದು ಎಂತ ಮಾರಾಯ್ರೆ, ಇನ್ನೂ ಆಗ್ಲಿಲ್ವಾ?"

ಪುಸ್ತಕದಲ್ಲಿ 'ಒಂದು ವರ್ಷ' ಎಂದು ದುಂಡಗೆ ಬರೆದೆ.

ಹುಂಜ ಭಟ್ಕಳಕ್ಕೆ ಹೋಯಿತು. ಅದರ ನಿಜವಾದ ವಯಸ್ಸು ಅಲ್ಲಿ ಊಟಕ್ಕೆ ಕೂತವರ ಹಲ್ಲುಗಳಿಗೆ ತಿಳಿದಿರಬೇಕು. ಇತ್ತ ಮೇಡಂ ವಾರಗಟ್ಟಲೆ ತಲೆ ಕೆಡಿಸಿಕೊಂಡರು. "ಒಂದೇ ವರ್ಷದ ಹುಂಜ, ತುದಿ ನೋಡಿದರೆ ಮುದುಕ! ಏನೋ ಕಾಯಿಲೆ ಬಂದು ಕೋಶಗಳ ಮಿಶ್ರಣ ಬದಲಾಗಿರಬೇಕು" ಎಂದು ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ವಯಸ್ಸೇ ತಪ್ಪಿರಬಹುದಲ್ಲ ಎಂದು ಯಾರೋ ಹೇಳಿದ್ದಕ್ಕೆ, "ಛೆ, ಗಣಪಣ್ಣ ಬರೆದದ್ದು" ಎಂದರಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಹೋಗಿ, "ಮೇಡಂ, ಹುಂಜಕ್ಕೆ ಐದು ವರ್ಷ" ಎಂದೆ.

"ಮತ್ತೆ ಒಂದು ಅಂತ ಯಾಕೆ ಬರೆದಿರಿ?"

"ಗಿಡ್ಡ ಇತ್ತು" ಎಂದುಬಿಟ್ಟೆ.

ಅವರು ನನ್ನನ್ನು ಮೇಲಿಂದ ಕೆಳಗೆ, ಥೇಟ್ ಆ ಮಾಸ್ತರರ ಹಾಗೆಯೇ ನೋಡಿದರು. ಒಂದನ್ನು ಹೊಡೆದು ಹಾಕಿ ಐದು ಬರೆದರು.

ಕಳೆದ ತಿಂಗಳು ನನ್ನ ಬೀಳ್ಕೊಡುಗೆಯಾಯಿತು. ಹಾರ ಹಾಕಿಸಿಕೊಂಡು ಗೆದ್ದವನ ಹಾಗೆ ಕೂತಿದ್ದೆ. ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. "ಪಾಪ, ಅರವತ್ತಕ್ಕೇ ಎಷ್ಟು ಹಣ್ಣಾಗ್ಬಿಟ್ರು ನೋಡು! ಎಂತದೋ ಕಾಯಿಲೆ ಇರ್ಬೇಕು."

ಅರವತ್ತನಾಲ್ಕಕ್ಕೆ ಎಷ್ಟು ಗಟ್ಟಿಯಾಗಿದ್ದೇನೆ ನೋಡಿ ಎಂದು ಎದ್ದು ಕೂಗಬೇಕೆನಿಸಿತು. ಅಷ್ಟರಲ್ಲಿ ಅವರ ಪಕ್ಕದಲ್ಲಿದ್ದ ಮೇಡಂ ಗಂಭೀರವಾಗಿ, "ಹೌದು, ಏನೋ ಕಾಯಿಲೆ ಬಂದು ಕೋಶಗಳ ಮಿಶ್ರಣ ಬದಲಾಗಿರಬೇಕು" ಎಂದರು. ನಾನು ಹಾರ ಸರಿಮಾಡಿಕೊಂಡು, ಕಾಯಿಲೆಯವನ ಹಾಗೆಯೇ ಸಣ್ಣಗೆ ಕೆಮ್ಮಿದೆ.