ಗೂಟಕ್ಕೆ ಕಟ್ಟಿಕೊಂಡ ಪದ್ಮಾಸನ

ಪದ್ಮಾಸನ ನನಗೆ ಎಡಗೈ ಕೆಲಸ ಎಂದೇ ತಿಳಿದಿದ್ದೆ. ಏಕೆಂದರೆ ನಾನು ಸಿಂಪಿಗ. ಬೈಲಹೊಂಗಲದ ಪೇಟೆಯಲ್ಲಿ ಅಜ್ಜನ ಕಾಲದಿಂದಲೂ ನಮ್ಮ ಮನೆಯವರು ಕಾಲು ಮಡಚಿ ಕುಳಿತೇ ಅಂಗಿ ಹೊಲಿದವರು. ಬೆಳಗಾವಿಯಲ್ಲಿ ತುಳಿದು ಹೊಲಿಯುವ ಯಂತ್ರ ಬಂದಿದೆಯೆಂದು ಕೇಳಿದ್ದೇನೆ. ನನ್ನ ಕೈಯಲ್ಲಿ ಇನ್ನೂ ಸೂಜಿಯೇ ಇದೆ. ಹಗಲೆಲ್ಲ ಕಾಲು ಮಡಚುವವನಿಗೆ ಬೆಳಗ್ಗೆ ಇನ್ನೊಂದು ಗಳಿಗೆ ಮಡಚುವುದು ಏನು ಮಹಾ!

ಯೋಗದ ಹುಚ್ಚು ಹತ್ತಲು ಕಾರಣ ನನ್ನ ಹೆಂಡತಿ ಗಂಗವ್ವ. ಅವಳ ತಾಯಿ ಹಾಸಿಗೆ ಹಿಡಿದಿದ್ದರಿಂದ ತವರೂರು ಮನೋಳಿಗೆ ಹೋಗಿದ್ದಳು. ಸುಗ್ಗಿ ಮುಗಿದು ಬೇಸಿಗೆ ಬಂದರೂ ಅವಳು ತಿರುಗಿ ಬಂದಿರಲಿಲ್ಲ. ಹೋಗುವಾಗ ಹೊಸ್ತಿಲಲ್ಲಿ ನಿಂತು, ನಿಮ್ಮ ಗತಿ ಹೇಗೆ ಎಂದು ಕೇಳಿದ್ದಳು. ನಾನು ಮೀಸೆಯ ಮೇಲೆ ಕೈಯಿಟ್ಟು, ಗಂಡಸಿಗೆ ಏನಾಗುತ್ತದೆ ಹೋಗು ಎಂದಿದ್ದೆ. ಆಮೇಲೂ ಮನೋಳಿಯ ಕಡೆ ಯಾರೇ ಹೋಗಲಿ, "ಆರಾಮ ಅದೀನಿ" ಎಂದೇ ಹೇಳಿ ಕಳಿಸುತ್ತಿದ್ದೆ.

ಆರಾಮ ಹೇಗಿತ್ತೆಂದರೆ, ರೊಟ್ಟಿ ಬೆಂದ ದಿನ ಪಲ್ಯ ಇರುತ್ತಿರಲಿಲ್ಲ, ಪಲ್ಯವಾದ ದಿನ ರೊಟ್ಟಿ ಕರಕಲು. ಎರಡೂ ನೆಟ್ಟಗಾದ ದಿನ, ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆಯಲು ಜನವೇ ಇರಲಿಲ್ಲ. ನನ್ನ ಕಣ್ಣು ಮಂದ. ಸೂಜಿಗೆ ದಾರ ಪೋಣಿಸುವವಳು ಗಂಗವ್ವನೇ. ಎಷ್ಟೋ ಸಲ ಹಳೆಯ ಅಭ್ಯಾಸದಂತೆ ಒಳಮನೆಯ ಕಡೆ ಸೂಜಿ ಚಾಚಿ, ಯಾರೂ ತೆಗೆದುಕೊಳ್ಳದೆ, ಕೈ ಹಾಗೇ ಹಿಡಿದುಕೊಂಡು ಕುಳಿತದ್ದುಂಟು. ಮನೆ ಬಿಕೋ ಎನ್ನುತ್ತಿತ್ತು.

ಅಷ್ಟರಲ್ಲಿ ಊರ ಮಠಕ್ಕೆ ಒಬ್ಬ ಹಠಯೋಗಿ ಬಂದರು. ಯೋಗದಿಂದ ಗಂಡಸಿನ ಬೆನ್ನು ನೆಟ್ಟಗಾಗುತ್ತದೆ, ಹಸಿವು ಹುಟ್ಟುತ್ತದೆ, ನಿದ್ದೆ ಬರುತ್ತದೆ, ಚಿಂತೆ ಹೋಗುತ್ತದೆ ಎಂದೆಲ್ಲ ಹೇಳಿದರು. ನಾನು ಗೋಣು ಹಾಕುತ್ತ ಕುಳಿತಿದ್ದೆ. ಕೊನೆಗೆ ಅವರು ಒಂದು ಮಾತು ಹೇಳಿದರು: "ಯೋಗ ಸಾಧಿಸಿದ ಗಂಡಸಿಗೆ ಯಾರೂ ಬೇಕಾಗೂದಿಲ್ಲಪಾ."

ಇದೇ ನನಗೆ ಬೇಕಾಗಿತ್ತು!

ನಿಯಮ ಸುಲಭವಿತ್ತು. ನಸುಕಿನಲ್ಲಿ ಸ್ನಾನ ಮಾಡಿ, ಮೈತುಂಬ ವಿಭೂತಿ ಧರಿಸಿ, ಪದ್ಮಾಸನ ಹಾಕಿ, ಉಸಿರು ಬಿಗಿಹಿಡಿಯುವುದನ್ನು ರೂಢಿಸಬೇಕು. ಬಿಸಿಲು ಹೊಸ್ತಿಲಿಗೆ ಬರುವವರೆಗೆ ಏನೇ ಆಗಲಿ, ಕಣ್ಣು ತೆರೆಯಬಾರದು, ಮಾತಾಡಬಾರದು, ಅಲುಗಾಡಬಾರದು.

ಮರುದಿನ ಕುಳಿತೆ. ಸಿಂಪಿಗರ ಕಾಲು ನೆಲದ ಮೇಲೆ ಮಡಚುತ್ತದೆ. ಯೋಗಿಯ ಕಾಲು ತೊಡೆಯ ಮೇಲೆ ಏರಬೇಕು. ಹರಳೆಣ್ಣೆ ತಿಕ್ಕಿ, ಎರಡೂ ಕೈಯಿಂದ ಒಂದು ಪಾದವನ್ನು ಎಳೆದು ಮೇಲಿಟ್ಟರೆ ಇನ್ನೊಂದು ಕೆಳಗಿಳಿಯುತ್ತಿತ್ತು. ಅಂತೂ ಎರಡನ್ನೂ ಏರಿಸಿದೆ. ಈಗ ಬೆನ್ನು ತಕರಾರು ಮಾಡಿತು. ಬಟ್ಟೆಯ ಮೇಲೆ ಬಗ್ಗಿಯೇ ಬೆಳೆದ ಬೆನ್ನು! ನೆಟ್ಟಗೆ ಮಾಡಿದಷ್ಟೂ ಬಾಗಿ, ಕೊನೆಗೆ ಹಣೆ ನೆಲಕ್ಕೆ ಬಡಿಯಿತು.

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಗೋಡೆಗೆ ಆನಿಕೊಂಡು, ಕಂಕುಳ ಕೆಳಗೆ ಧೋತರ ಹಾಯಿಸಿ, ಮೇಲಿನ ಗೂಟಕ್ಕೆ ಬಿಗಿಯಾಗಿ ಕಟ್ಟಿಕೊಂಡೆ. ತಲೆ ತೂಗುತ್ತಿತ್ತು, ಗದ್ದದಿಂದ ನೆತ್ತಿಗೆ ಒಂದು ಪಟ್ಟಿ ಸುತ್ತಿ ಅದನ್ನೂ ಗೂಟಕ್ಕೇ ಬಿಗಿದೆ. ಬೆನ್ನು ಗಳದಂತೆ ನಿಂತಿತು. ಹೆಮ್ಮೆಯಿಂದ ಕಣ್ಣು ಮುಚ್ಚಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ಬೀಳದಂತೆ ಗೂಟಕ್ಕೆ ಕಟ್ಟುತ್ತಾರೆ. ಇದು ಊರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಬೆಳಗ್ಗೆ ಮಾತ್ರ ನೆನಪಾಗಲಿಲ್ಲ!

ಪಕ್ಕದ ಮನೆಯ ನೀಲವ್ವ ಮಜ್ಜಿಗೆ ಕೊಡಲು ಬಂದಳು. ಈರಪ್ಪಣ್ಣಾ ಎಂದು ಕರೆದಳು. ನಿಯಮವೆಂದರೆ ನಿಯಮ, ನಾನು ಓ ಎನ್ನಲಿಲ್ಲ. ಹತ್ತಿರ ಬಂದು ಮೂಗಿನ ಕೆಳಗೆ ಬೆರಳು ಹಿಡಿದಳು. ಸರಿಯಾಗಿ ಅದೇ ಹೊತ್ತಿಗೆ ನಾನು ಉಸಿರು ಬಿಗಿಹಿಡಿದಿದ್ದೆ. ಮಜ್ಜಿಗೆಯ ಗಡಿಗೆ ಬಿದ್ದು ಒಡೆದ ಸದ್ದು, ಅದರ ಹಿಂದೆಯೇ ಅವಳ ಬಾಯಿ! ಓಣಿಯೆಲ್ಲ ನಮ್ಮ ಮನೆಯಲ್ಲಿ ಕೂಡಿತು.

ಏಳೋಣವೆಂದರೆ ಕಾಲು ಜೋಮು ಹಿಡಿದು ಯಾರದೋ ಕಾಲಿನಂತಾಗಿತ್ತು. ಗದ್ದ ಕಟ್ಟಿದ್ದರಿಂದ ಬಾಯಿ ಬಿಡುವುದೂ ಕಷ್ಟ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಜನರ ಮುಂದೆ ಬದುಕಿ ಏಳುವುದು ಹೇಗೆಂದು ನಾಚಿಕೆಯಾಯಿತು.

ಆಗ ನೀಲವ್ವ ಅಳುತ್ತ ಹೇಳಿದಳು: "ಮಾಡಾವ್ರು ಯಾರೂ ಇಲ್ಲಂತ ಎಲ್ಲಾ ತನ್ನ ಕೈಯಾರ ಮಾಡ್ಕೊಂಡ ಕುಂತಾನ ನೋಡ್ರಿ. ಜಳಕ ಮಾಡ್ಯಾನ, ಇಬೂತಿ ಹಚ್ಚ್ಯಾನ, ಕಟ್ಟಿಕೊಳ್ಳೂದು ಸೈತ ತಾನ ಕಟ್ಟಿಕೊಂಡಾನ. ಯಾರಿಗೂ ತ್ರಾಸ ಕೊಡಲಿಲ್ಲ, ಪಾಪ."

ಅದನ್ನು ಕೇಳಿ ನನಗೇ ನನ್ನ ಮೇಲೆ ಅಯ್ಯೋ ಅನಿಸಿತು. ಮುಚ್ಚಿದ ಕಣ್ಣೊಳಗೆ ನೀರು ತುಂಬಿತು. ಜನ ನನ್ನ ಗುಣಗಾನ ಮಾಡತೊಡಗಿದರು. ಅಂಗಿ ಬಿಗಿಯಾಯಿತೆಂದು ಶಿವರಾತ್ರಿಯಲ್ಲಿ ಕಿತ್ತಾಡಿದವನೂ ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದ. ಗಂಗವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಇಷ್ಟು ಮನುಷ್ಯರ ದನಿ ಕೇಳಿದ್ದು ಅವತ್ತೇ.

ಹೊರಗೆ ಕುದುರೆಯ ಸದ್ದಾಯಿತು. ಗೌಡರ ಆಳು ಗಂಗವ್ವನಿಗೆ ಸುದ್ದಿ ಮುಟ್ಟಿಸಲು ಹೊರಟಿದ್ದ. ಆಗಲಾದರೂ ನಾನು ಹೂಂ ಎನ್ನಬೇಕಿತ್ತು. ಎನ್ನಲಿಲ್ಲ. ಗಂಗವ್ವ ಬರುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ಭಜನೆಯವರು ತಾಳ ಹಿಡಿದು ಕುಳಿತರು. ಓಣಿಯ ಹಿರಿಯ ಚನ್ನಪ್ಪಜ್ಜ, ನಾನು ಹಚ್ಚಿಕೊಂಡದ್ದು ಸಾಲದೆಂದು ಮುಖಕ್ಕೆಲ್ಲ ಮತ್ತೆ ವಿಭೂತಿ ಬಳಿಯತೊಡಗಿದ. ಮೂಗಿನೊಳಗೆ ಹೋಯಿತು. ತಡೆದೆ, ತಡೆದೆ, ಸೀನಿಬಿಟ್ಟೆ.

ಅಜ್ಜ ಕೈ ತೆಗೆದು ಹಿಂದೆ ತಿರುಗಿ ಸಿಡುಕಿದ: "ಯಾರಪ್ಪಾ ಸೀನಿದವ್ರು? ಒಂದು ಗಳಿಗಿ ತಡೀರಿ, ಶಕುನ ಚಲೋ ಇಲ್ಲ."

ಎಲ್ಲರೂ ಗಪ್ಪಾದರು. ಆ ಮೌನದಲ್ಲಿ ಎರಡನೆಯ ಸೀನು ಬಂತು. ಗದ್ದದ ಪಟ್ಟಿ ಹರಿಯಿತು. ಅರ್ಧ ಜನ ಬಾಗಿಲಿನಿಂದ ಓಡಿದರು, ಉಳಿದವರು ಗೂಟದಿಂದ ಧೋತರ ಬಿಚ್ಚಿ, ನನ್ನ ಕಾಲಿನ ಗಂಟು ಬಿಡಿಸಿದರು.

ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಯಾರೂ ನಿಲ್ಲಲಿಲ್ಲ. ಭಜನೆಯವರು ತಾಳ ಕಟ್ಟಿಕೊಂಡರು. ಕಾಲಿಡಲು ಜಾಗವಿಲ್ಲದ ಮನೆ ಕ್ಷಣದಲ್ಲಿ ಖಾಲಿ. ನೆಲದ ಮೇಲಿನ ಮಜ್ಜಿಗೆಯನ್ನು ನಾನೇ ಒರೆಸಿದೆ.

ಸುದ್ದಿ ಹೊತ್ತು ಹೋದ ಕುದುರೆ ಮಾತ್ರ ಕೈಗೆ ಸಿಗಲಿಲ್ಲ. ಮರುದಿನ ಗಂಗವ್ವ ತನ್ನ ಅಣ್ಣನ ಚಕ್ಕಡಿಯಲ್ಲಿ ಓಣಿಯ ಬಾಯಿಂದಲೇ ಅಳುತ್ತ ಬಂದಳು. ನಾನು ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಅವಳು ಹೊಸ್ತಿಲಲ್ಲೇ ನಿಂತಳು.

"ಸತ್ತೀರಿ ಅಂದ್ರಲ್ಲರಿ."

"ಇಲ್ಲ, ಯೋಗ ಮಾಡಾಕ ಹತ್ತಿದ್ನಿ."

ಅವಳು ಅಲ್ಲೇ ಕುಸಿದು ಮೊದಲಿಗಿಂತ ಹೆಚ್ಚು ಅತ್ತಳು. ಆಮೇಲೆ ಮನಸಾರೆ ಬೈದಳು. ಆ ಬೈಗುಳ ಎಷ್ಟು ಹಿತವಾಗಿತ್ತೆಂದರೆ, ನಾನು ನಡುವೆ ಬಾಯಿ ಹಾಕಲೇ ಇಲ್ಲ. ಬಿಸಿ ರೊಟ್ಟಿ ಬಡಿದು ಬಡಿಸಿದಳು. ಮನೆಯಲ್ಲಿದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿ ಗೋಡೆಗೆ ತೂಗುಹಾಕಿದ ಬಟ್ಟೆಗೆ ಸಾಲಾಗಿ ಚುಚ್ಚಿಟ್ಟಳು.

ಇಳಿಹೊತ್ತಿಗೆ ಅವಳ ಅಣ್ಣ ಎತ್ತು ಹೂಡಿದ. ಗಂಗವ್ವ ನನ್ನ ಮುಖ ನೋಡಿ ಕೇಳಿದಳು: "ಖರೇ ಹೇಳ್ರಿ. ಒಬ್ಬರ ಇರೂದು ಆಗೂದಿಲ್ಲಂದ್ರ ಅವ್ವನ್ನ ಇಲ್ಲಿಗೇ ಕರಕೊಂಡ ಬರ್ತೇನಿ."

ಸತ್ತಾಗಲೂ ಬಿಚ್ಚದ ಬಾಯಿ ಆಗ ಬಿಚ್ಚಿತು. ಅಣ್ಣ ಎದುರಿಗಿದ್ದ, ಮೀಸೆ ಮುಖದ ಮೇಲಿತ್ತು.

"ನನಗೇನಾಗೈತಿ? ಆರಾಮ ಅದೀನಿ."

ಚಕ್ಕಡಿ ಹೋಯಿತು.

ಅವಳು ಪೋಣಿಸಿಟ್ಟ ಸೂಜಿಗಳಲ್ಲಿ ಒಂದನ್ನು ಇನ್ನೂ ಬಳಸದೆ ಇಟ್ಟಿದ್ದೇನೆ. ಯೋಗವನ್ನೂ ಬಿಟ್ಟಿಲ್ಲ. ಬೆನ್ನು ತಕ್ಕಮಟ್ಟಿಗೆ ನೆಟ್ಟಗಾಗಿದೆ, ಹಸಿವೂ ಚೆನ್ನಾಗಿದೆ. ಯೋಗಿ ಹೇಳಿದ್ದರಲ್ಲಿ ಕೊನೆಯ ಮಾತೊಂದು ಬಿಟ್ಟು ಉಳಿದದ್ದೆಲ್ಲ ನಿಜ. ಬಾಗಿಲು ಮಾತ್ರ ಪೂರ್ತಿ ತೆರೆದಿಟ್ಟೇ ಕೂರುತ್ತೇನೆ. ಮೊನ್ನೆ ಹೊಸ್ತಿಲಲ್ಲಿ ನೀಲವ್ವನ ಹೆಜ್ಜೆ ಕೇಳಿಸಿತು. ನಾನು ಉಸಿರು ಬಿಗಿಹಿಡಿದೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿದೆ. ಅವಳು ಮಜ್ಜಿಗೆಯ ಗಡಿಗೆಯನ್ನು ಜೋಪಾನವಾಗಿ ಕೆಳಗಿಟ್ಟು, ಜೊತೆಗೆ ಬಂದವಳಿಗೆ ಹೇಳಿದಳು:

"ಏನೂ ಆಗಿಲ್ಲ ನಡಿ, ಬದುಕ್ಯಾನ."